ಸೋದರಮಾವನಿಗೆ ಮಾಡಿದ ಫೋನು

ನಮ್ಮ ಕೇಂದ್ರದ ರಿಜಿಸ್ಟರಿನಲ್ಲಿ ಹನ್ನೊಂದು ಕಾಲಂಗಳಿದ್ದವು. ಐದನೆಯದು ‘ಹಿಂಸೆಯ ವಿಧ’, ಏಳನೆಯದು ‘ಕಾರಣ’, ಒಂಬತ್ತನೆಯದು ‘ತವರಿನವರ ಫೋನ್ ನಂಬರ್’. ಮನೆಯಲ್ಲಿ ಪೆಟ್ಟು ತಿಂದು ಬರುವ ಹೆಂಗಸರ ಮಾತು ಕೇಳಿ ಬರೆದುಕೊಳ್ಳುವುದು, ಮುಂದಿನ ದಾರಿ ಹುಡುಕುವುದು ಎರಡು ವರ್ಷಗಳಿಂದ ನನ್ನ ಕೆಲಸ. ಮಂಗಳವಾರ ಬೆಳ್ತಂಗಡಿಯಲ್ಲಿ, ಶುಕ್ರವಾರ ಮೂಡುಬಿದಿರೆ ಬಸ್ ನಿಲ್ದಾಣದ ಹಿಂದಿನ ಒಂದು ಕಟ್ಟಡದ ಮೇಲಿನ ಕೋಣೆಯಲ್ಲಿ, ಉಳಿದ ದಿನ ಬಂಟ್ವಾಳದ ಬಿ.ಸಿ. ರೋಡಿನ ಕಚೇರಿಯಲ್ಲಿ.

ರಿಜಿಸ್ಟರು ಕಚೇರಿಯದ್ದು. ಅದಲ್ಲದೆ ನನ್ನದೇ ಒಂದು ಡೈರಿ ಇದೆ. ತಿಂಗಳ ಕೊನೆಗೆ ಏಳನೆಯ ಕಾಲಮನ್ನು ಮೇಲಿನಿಂದ ಕೆಳಗೆ ಓದಿ, ಗೀಟು ಹಾಕಿ ಲೆಕ್ಕ ಮಾಡುವುದು ನನ್ನ ಅಭ್ಯಾಸ. ಜೂನ್ ತಿಂಗಳ ಪುಟದಲ್ಲಿ ಹೀಗಿದೆ: ಕುಡಿತ ಎಂಟು, ಸಂಶಯ ಐದು, ಅತ್ತೆಮನೆಯ ಕಿರಿಕಿರಿ ಮೂರು, ಗೊತ್ತಿಲ್ಲ ಒಂದು. ‘ಗೊತ್ತಿಲ್ಲ’ ಎಂದು ಬರೆಯಬೇಕಾದಾಗ ಕೆಲಸ ಅರ್ಧಕ್ಕೆ ನಿಂತ ಹಾಗೆ ಅನಿಸುತ್ತಿತ್ತು. ಆ ಒಬ್ಬಳನ್ನು ಮತ್ತೆ ಕರೆಸಿ, ಕೇಳಿ, ಏನಾದರೊಂದು ಬರೆದು ಮುಗಿಸುತ್ತಿದ್ದೆ.

ಜುಲೈ 5, ಶುಕ್ರವಾರ. ಮಧ್ಯಾಹ್ನ ಒಂದೂ ಮುಕ್ಕಾಲಕ್ಕೆ ಒಬ್ಬಾಕೆ ಬಾಗಿಲಲ್ಲಿ ನಿಂತು, “ಇಲ್ಲಿ ಮದುವೆ ಆದವರು ಮಾತ್ರ ಬರುವುದಾ?” ಎಂದು ಕೇಳಿದಳು. ಎಡಗೈಯ ಮಣಿಕಟ್ಟಿಗೆ ಬ್ಯಾಂಡೇಜು ಸುತ್ತಿತ್ತು. ವಯಸ್ಸು ಮೂವತ್ತೊಂದು, ಊರು ಬೆಳ್ತಂಗಡಿ ತಾಲೂಕು, ಕೆಲಸ ಮೂಡುಬಿದಿರೆಯ ಒಂದು ಕಾಲೇಜಿನ ಲ್ಯಾಬಿನಲ್ಲಿ ಸಹಾಯಕಿ. ಊಟದ ಬಿಡುವಿನಲ್ಲಿ ಬಂದದ್ದು, ಎರಡೂವರೆಗೆ ವಾಪಸು ಹೋಗಬೇಕು.

“ಯಾರೂ ಬರಬಹುದು, ಕೂತುಕೊಳ್ಳಿ” ಎಂದೆ.

ಮೂರನೆಯ ಕಾಲಂ ‘ಗಂಡನ ಹೆಸರು’. ಆಕೆ ಅದನ್ನು ತಲೆಕೆಳಗಾಗಿಯೇ ಓದಿದಳು. “ಗಂಡ ಇಲ್ಲ. ಒಟ್ಟಿಗೆ ಇರುವವಳು ಇದ್ದಾಳೆ. ತೋಡಾರಿನಲ್ಲಿ ಮಹಡಿಯ ಮೇಲೆ ಬಾಡಿಗೆಗೆ ಇದ್ದೇವೆ. ಆರು ವರ್ಷ ಆಯ್ತು.”

ನಾನು ‘ಗೆಳತಿ’ ಎಂದು ಬರೆದೆ.

“ನೀವು ಬರೆದದ್ದು ತಪ್ಪಲ್ಲ ಮೇಡಂ. ಆದರೆ ಅಷ್ಟೇ ಅಲ್ಲ” ಎಂದಳು. ನನ್ನ ಮುಖ ನೋಡಿದಳು. ನಾನು ಪೆನ್ನು ಕೆಳಗಿಟ್ಟೆ. ಅಷ್ಟು ಮಾತ್ರ ನಾನು ಆ ದಿನ ಸರಿಯಾಗಿ ಮಾಡಿದ್ದು.

ಒಟ್ಟಿಗೆ ಇರುವವಳು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವಳು. ಊರಿನ ಅರ್ಧ ಹೆಂಗಸರಿಗೆ ಸ್ಟೇರಿಂಗ್ ಹಿಡಿಯಲು ಕಲಿಸಿದವಳು. ಮನೆ ಮಾಲಿಕರಿಗೆ ಇಬ್ಬರೂ ದೊಡ್ಡಮ್ಮ ಚಿಕ್ಕಮ್ಮನ ಮಕ್ಕಳು ಎಂದು ಹೇಳಿದ್ದಾರೆ. ಮೊದಲ ಪೆಟ್ಟು ಬಿದ್ದದ್ದು ಎರಡನೆಯ ವರ್ಷ. ಈಗ ತಿಂಗಳಿಗೆ ಎರಡು ಮೂರು ಸಲ. ಕಾಲೇಜಿನಿಂದ ಮನೆಗೆ ಹದಿನೈದು ನಿಮಿಷದ ದಾರಿ. ತಡವಾದರೆ ಯಾವ ಬಸ್ಸಿನಲ್ಲಿ ಬಂದದ್ದು ಎಂದು ಬಸ್ಸಿನ ಹೆಸರು ಹೇಳಬೇಕು. “ಅವಳಿಗೆ ಡ್ರೈವರುಗಳೆಲ್ಲ ಗುರುತು ಮೇಡಂ. ನಾನು ಹೇಳಿದ ಬಸ್ಸು ನಿಜವಾಗಿ ಆ ಹೊತ್ತಿಗೆ ಬಂತಾ ಇಲ್ವಾ ಅಂತ ಅಲ್ಲೇ ಫೋನ್ ಮಾಡಿ ಕೇಳ್ತಾಳೆ.” ಆಕೆಯ ಮಾರ್ಕ್ಸ್ ಕಾರ್ಡು, ಆಧಾರು, ಎಲ್ಲ ಇರುವ ಫೈಲು ಅವಳ ಕಪಾಟಿನಲ್ಲಿ, ಬೀಗ ಹಾಕಿ. ಬಿಟ್ಟು ಹೋಗುತ್ತೇನೆಂದರೆ ಆಕೆಯ ಮನೆಗೆ ಫೋನ್ ಮಾಡಿ ಎಲ್ಲ ಹೇಳುತ್ತೇನೆ ಎನ್ನುತ್ತಾಳೆ.

ನಾನು ಐದನೆಯ ಕಾಲಮಿನಲ್ಲಿ ಒಂದೊಂದಾಗಿ ಬರೆದುಕೊಂಡೆ. ಪೊಲೀಸ್ ದೂರು ಕೊಡಬಹುದು ಎಂದೆ. “ಸ್ಟೇಷನ್ನಿನಲ್ಲಿ ಮೊದಲು ಕೇಳುವುದು ಪೆಟ್ಟಿನ ವಿಷಯ ಅಲ್ಲ ಮೇಡಂ, ನಾವಿಬ್ಬರು ಎಂತ ಅಂತ” ಎಂದಳು.

ಏಳನೆಯ ಕಾಲಮಿಗೆ ಬಂದಾಗ ಆಕೆಯೇ ಹೇಳಿದಳು. “ಅವಳು ಚಿಕ್ಕವಳಿರುವಾಗ ಅಪ್ಪನ ಕೈಯಿಂದ ತುಂಬ ತಿಂದವಳು. ಅದಕ್ಕೇ ಹೀಗೆ. ನಮ್ಮ ಮನೆಯಲ್ಲಿಯೂ ಅಪ್ಪ ಅಮ್ಮನಿಗೆ ಹೊಡೀತಿದ್ದರು. ಅದನ್ನು ನೋಡಿ ನೋಡಿಯೇ ನನಗೆ ಗಂಡಸರು ಬೇಡ ಅಂತ ಆದದ್ದಾ ಅಂತ ಕೆಲವೊಮ್ಮೆ ಯೋಚಿಸ್ತೇನೆ. ಹೌದಾ ಮೇಡಂ? ಹಾಗೆ ಆಗ್ತದಾ?”

ಹಾಗಲ್ಲ ಎಂದು ನನಗೆ ಗೊತ್ತಿರಬೇಕಿತ್ತು. ಓದಿನ ಪುಸ್ತಕದಲ್ಲಿ ಅದು ಇತ್ತು, ಪರೀಕ್ಷೆಯಲ್ಲಿ ಬರೆದಿದ್ದೆ ಕೂಡ. ಆದರೆ ಎದುರು ಕುಳಿತವಳು ಕಾರಣವನ್ನು ತಾನೇ ಕೊಡುತ್ತಿದ್ದಳು. ಕಾಲಂ ಖಾಲಿ ಇತ್ತು. “ಇರಬಹುದು” ಎಂದು ತಲೆಯಾಡಿಸಿ ‘ಬಾಲ್ಯದಲ್ಲಿ ಕಂಡ ಹಿಂಸೆ’ ಎಂದು ಬರೆದೆ. ಒಂದೇ ಗೆರೆಯಲ್ಲಿ ಇಬ್ಬರದ್ದೂ ಮುಗಿಯಿತು. ಒಬ್ಬಳು ಏಕೆ ಹೊಡೆಯುತ್ತಾಳೆ ಎನ್ನುವುದೂ, ಇನ್ನೊಬ್ಬಳು ಏಕೆ ಹೆಣ್ಣನ್ನು ಪ್ರೀತಿಸಿದಳು ಎನ್ನುವುದೂ.

ಒಂಬತ್ತನೆಯ ಕಾಲಮಿಗೆ ನಂಬರು ಕೇಳಿದೆ. ಸೋದರಮಾವನ ನಂಬರು ಕೊಟ್ಟಳು. ಅಪ್ಪ ತೀರಿಕೊಂಡ ಮೇಲೆ ಅಮ್ಮ ಅವರ ಮನೆಯಲ್ಲಿದ್ದಾರೆ.

“ಫೋನ್ ಮಾಡುವುದಿಲ್ಲ ಅಲ್ವಾ?”

“ಅಗತ್ಯ ಬಿದ್ದರೆ ಮಾತ್ರ” ಎಂದೆ.

ಸೋಮವಾರ ನಮ್ಮ ಹಿರಿಯ ಸಮಾಲೋಚಕಿಗೆ ರಿಜಿಸ್ಟರು ತೋರಿಸಿದೆ. ಈ ಕೆಲಸದಲ್ಲಿ ಇಪ್ಪತ್ತು ವರ್ಷ ಕಳೆದವರು. ಕುಡಿದು ಬಂದ ಗಂಡಸರನ್ನು ಕಚೇರಿಯ ಮೆಟ್ಟಿಲಲ್ಲೇ ಕೂರಿಸಿ ನೀರು ಕುಡಿಸಿ ಕಳಿಸಿದವರು. ನಾನು ಅವರನ್ನು ಅಕ್ಕ ಎಂದೇ ಕರೆಯುವುದು.

“ಎರಡು ಹೆಂಗಸರ ಜಗಳವನ್ನು ಈ ಪುಸ್ತಕದಲ್ಲಿ ಬರೆಯುವುದು ಹೇಗೆ ಮಾರಾಯ್ತಿ? ಕಾನೂನಿನ ಫಾರಂನಲ್ಲಿಯೂ ಇದಕ್ಕೆ ಜಾಗ ಇಲ್ಲ” ಎಂದರು. ಕನ್ನಡಕ ತೆಗೆದು ಒರೆಸಿದರು. “ಪಾಪ, ಹೊತ್ತಿಗೆ ಸರಿಯಾಗಿ ಮದುವೆ ಆಗಿದ್ದರೆ ಇದೆಲ್ಲ ಇರ್ತಿರಲಿಲ್ಲ.”

“ಈ ಪುಸ್ತಕದಲ್ಲಿ ಇರುವವರೆಲ್ಲ ಹೊತ್ತಿಗೆ ಸರಿಯಾಗಿ ಮದುವೆ ಆದವರೇ ಅಕ್ಕ.”

ಅವರಿಗೆ ನಗು ಬಂತು. “ಹೌದು ಮಾರಾಯ್ತಿ. ಸರಿ, ಇಬ್ಬರನ್ನೂ ಕರೆಸಿ ಕೂರಿಸಿ ಮಾತಾಡುವ. ಗಂಡಸೇನೂ ಅಲ್ಲವಲ್ಲ, ಹೆದರಿಕೆ ಎಂತ?”

ನಮ್ಮಲ್ಲಿ ಒಂದು ಕಟ್ಟುನಿಟ್ಟು ಇದೆ. ಹೊಡೆದವನನ್ನೂ ಪೆಟ್ಟು ತಿಂದವಳನ್ನೂ ಮೊದಲ ಸಲ ಒಂದೇ ಕೋಣೆಯಲ್ಲಿ ಕೂರಿಸುವುದಿಲ್ಲ. ಅವಳು ಹೇಳಿದ್ದು ಅವನಿಗೆ ತಿಳಿಯಬಾರದು. ಅಲ್ಲಿಯವರೆಗೆ ನಾನು ಬರೆದ ಒಂದು ಪ್ರಕರಣದಲ್ಲಿಯೂ ಈ ನಿಯಮ ಮುರಿದಿರಲಿಲ್ಲ. ಈ ಸಲ ಅದು ನೆನಪಿಗೂ ಬರಲಿಲ್ಲ. ಹೆಂಗಸು ಹೊಡೆದರೆ ಅದು ಪೆಟ್ಟಿನ ಹಾಗೆ ಕಾಣುವುದಿಲ್ಲ ಎನ್ನುವುದನ್ನು ಯಾರೂ ನಮಗೆ ಕಲಿಸಿದ್ದಲ್ಲ. ಆದರೂ ನಮ್ಮಿಬ್ಬರ ತಲೆಯಲ್ಲೂ ಅದೇ ಇತ್ತು.

ಜುಲೈ 19, ಶುಕ್ರವಾರ. ಇಬ್ಬರೂ ಬಂದರು. ಡ್ರೈವಿಂಗ್ ಟೀಚರು ಎತ್ತರದ, ನಗುಮುಖದ ಹೆಂಗಸು. ಕುರ್ಚಿಯ ಧೂಳನ್ನು ತಾನೇ ಒರೆಸಿ ಮೊದಲು ಜೊತೆಗಾರ್ತಿಯನ್ನು ಕೂರಿಸಿ, ಆಮೇಲೆ ತಾನು ಕುಳಿತಳು.

“ಹೊಡೀಲಿಕ್ಕೆ ನಾನೇನು ಗಂಡಸಾ ಮೇಡಂ? ಇವಳು ಸ್ವಲ್ಪ ಮನಸ್ಸಿಗೆ ಹಚ್ಚಿಕೊಳ್ಳುವ ಜಾತಿ. ಒಂದೇ ಮನೆಯಲ್ಲಿ ಇದ್ದ ಮೇಲೆ ಮಾತಿಗೆ ಮಾತು ಬರ್ತದೆ, ಕೈಗೆ ಕೈ ತಾಗ್ತದೆ” ಎಂದಳು. ಮತ್ತೆ ಹಿರಿಯರ ಕಡೆ ತಿರುಗಿ, “ನೀವು ಕಾರು ಬಿಡ್ತೀರಾ ಅಕ್ಕ? ಇಲ್ವಾ? ಬನ್ನಿ, ಇಪ್ಪತ್ತು ದಿನದಲ್ಲಿ ಕಲಿಸಿ ಕೊಡ್ತೇನೆ. ಹೆದರಬೇಡಿ, ನಮ್ಮ ಕಾರಿನಲ್ಲಿ ನನ್ನ ಕಾಲಿನ ಹತ್ತಿರವೂ ಒಂದು ಬ್ರೇಕ್ ಉಂಟು.”

ಅಕ್ಕ ನಕ್ಕರು. ನಾನೂ ನಕ್ಕೆ. ಲ್ಯಾಬಿನಾಕೆ ಕೈಚೀಲವನ್ನು ಮಡಿಲಲ್ಲಿ ಹಿಡಿದುಕೊಂಡು ಕುಳಿತಿದ್ದಳು. ನಾನು, “ಫೈಲನ್ನು ಅವರಿಗೆ ಕೊಟ್ಟುಬಿಡಿ, ಬಸ್ಸಿನ ಹೆಸರನ್ನೆಲ್ಲ ಕೇಳಬೇಡಿ” ಎಂದು ಬುದ್ಧಿ ಹೇಳಿದೆ. ಟೀಚರ ನಗು ಒಂದು ಕ್ಷಣ ನಿಂತಿತು. “ಓ, ಅದೆಲ್ಲ ಹೇಳಿದ್ದಾಳಾ” ಎಂದಳು, ಮತ್ತೆ ನಕ್ಕಳು. ಡೈರಿಯಲ್ಲಿ ಹೀಗಿದೆ: ಮಾತುಕತೆ ನಲವತ್ತು ನಿಮಿಷ. ಒಪ್ಪಿಗೆಯಾಯಿತು. ಲ್ಯಾಬಿನಾಕೆ ಆ ನಲವತ್ತು ನಿಮಿಷದಲ್ಲಿ ‘ಹೌದು’ ಎಂದು ಮೂರು ಸಲ, ‘ಸರಿ’ ಎಂದು ಎರಡು ಸಲ ಹೇಳಿದಳು ಎಂದೂ ಬರೆದಿದ್ದೇನೆ. ಎಣಿಸಿದ್ದೆ. ಅದರ ಅರ್ಥ ಏನೆಂದು ಯೋಚಿಸಲಿಲ್ಲ.

ಜುಲೈ 26, ಬರಲಿಲ್ಲ. ಆಗಸ್ಟ್ 2, ಬರಲಿಲ್ಲ.

ಆಗಸ್ಟ್ 6, ಮಂಗಳವಾರ. ಬೆಳ್ತಂಗಡಿಯಲ್ಲಿದ್ದೆ. ಹನ್ನೊಂದೂ ಹತ್ತಕ್ಕೆ ಫೋನು ಬಂತು. ಆಸ್ಪತ್ರೆಯಲ್ಲಿದ್ದೇನೆ ಎಂದಳು, ಅಷ್ಟೇ. ವೇಣೂರಿನ ದಾರಿಯ ಬಸ್ಸು ಹಿಡಿದು ಎರಡೂವರೆಗೆ ಮೂಡುಬಿದಿರೆ ತಲುಪಿದೆ. ಎರಡು ಪಕ್ಕೆಲುಬು ಬಿರುಕು ಬಿಟ್ಟಿತ್ತು. ಚೀಟಿಯಲ್ಲಿ ‘ಮೆಟ್ಟಿಲಿನಿಂದ ಬಿದ್ದದ್ದು’ ಎಂದು ಬರೆದಿತ್ತು. ಡ್ರೈವಿಂಗ್ ಟೀಚರು ಹಾಸಿಗೆಯ ಪಕ್ಕ ಕುಳಿತು ಗಂಜಿ ಉಣ್ಣಿಸುತ್ತಿದ್ದಳು. ಪ್ರತಿ ಚಮಚವನ್ನೂ ಊದಿ ಕೊಡುತ್ತಿದ್ದಳು. ಪಕ್ಕದ ಹಾಸಿಗೆಯ ಅಜ್ಜಿ, “ಅಕ್ಕತಂಗಿ ಅಂದರೆ ಹೀಗೆ ಇರಬೇಕು” ಎಂದರು.

ಟೀಚರು ಮಾತ್ರೆ ತರಲು ಹೋದಾಗ ಹಾಸಿಗೆಯಲ್ಲಿದ್ದಾಕೆ ಮೆಲ್ಲಗೆ ಹೇಳಿದಳು. “ಆ ದಿನ ನಿಮ್ಮ ಎದುರು ಕೂತು ಹೋದ ಮೇಲೆ ಹೆಚ್ಚಾಯ್ತು ಮೇಡಂ. ನಾನು ಎಂತೆಂತ ಹೇಳಿದ್ದೇನೆ ಅಂತ ಅವಳಿಗೆ ಗೊತ್ತಾಯ್ತಲ್ಲ.” ಸಿಟ್ಟಿನಿಂದ ಹೇಳಲಿಲ್ಲ, ಒಂದು ಸುದ್ದಿ ತಿಳಿಸಿದ ಹಾಗೆ ಹೇಳಿದಳು.

ನಾನು ಹೊರಗಿನ ಜಗಲಿಗೆ ಬಂದು ನಿಂತೆ. ತಪ್ಪು ಮಾಡಿದ್ದೆವು, ಈಗಲಾದರೂ ಕ್ರಮಪ್ರಕಾರ ಹೋಗಬೇಕು ಎಂದುಕೊಂಡೆ. ಕ್ರಮದಲ್ಲಿ ಮುಂದಿನದು ತವರಿಗೆ ತಿಳಿಸುವುದು. ನಮ್ಮ ಕಡೆ ಹೆಣ್ಣಿಗೆ ಕಷ್ಟವಾದಾಗ ಸೋದರಮಾವ ಬಂದು ನಿಲ್ಲುವುದಕ್ಕೆ ಬೇರೆಯೇ ತೂಕ ಇದೆ. ಜೀಪಿನಲ್ಲಿ ಇಬ್ಬರನ್ನು ಕೂರಿಸಿಕೊಂಡು ಮಾವ ಬಂದು ಅಂಗಳದಲ್ಲಿ ನಿಂತರೆ ಎಂಥ ಗಂಡನೂ ಎರಡು ತಿಂಗಳು ತಣ್ಣಗಿರುತ್ತಾನೆ. ಡೈರಿಯಲ್ಲಿ ಅದರ ಲೆಕ್ಕವೂ ಇತ್ತು: ಮಾವ ಬಂದ ಪ್ರಕರಣ ಹದಿನಾಲ್ಕು, ಪೆಟ್ಟು ನಿಂತದ್ದು ಇಲ್ಲವೇ ಕಡಿಮೆಯಾದದ್ದು ಹನ್ನೊಂದು. ಇದಕ್ಕಿಂತ ಒಳ್ಳೆಯ ಅಂಕಿ ನನ್ನ ಪುಸ್ತಕದಲ್ಲಿ ಬೇರೆ ಇರಲಿಲ್ಲ.

ಆಕೆ ನನ್ನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಮಲಗಿದ್ದಳು. ಕೇಳಬಹುದಿತ್ತು, ಕೇಳಲಿಲ್ಲ. ಅಗತ್ಯ ಬಿದ್ದಿದೆ ಎಂದು ನಾನೇ ತೀರ್ಮಾನಿಸಿದೆ. ಮೂರೂ ಇಪ್ಪತ್ತಕ್ಕೆ ಫೋನು ಮಾಡಿದೆ.

ಮಾವನದ್ದು ಬೆಳ್ತಂಗಡಿ ತಾಲೂಕಿನ ಒಂದು ಪೇಟೆಯಲ್ಲಿ ಹೋಟೆಲು. ಹಿಂದೆ ತಟ್ಟೆ ಲೋಟದ ಸದ್ದು ಕೇಳುತ್ತಿತ್ತು. ತುಳುವಿನಲ್ಲಿ ಮಾತಾಡಿದೆವು. ನಾನು ಯಾರೆಂದು ಹೇಳಿ, ಅವರ ಸೋದರಸೊಸೆಗೆ ಒಟ್ಟಿಗೆ ಇರುವವರಿಂದ ಪೆಟ್ಟು ಬೀಳುತ್ತಿದೆ ಎಂದೆ.

“ಯಾರು, ಗಂಡಸಾ?”

“ಅಲ್ಲ.”

ಸದ್ದು ನಿಂತಿತು. ಹೊರಗೆ ಬಂದಿರಬೇಕು. “ಎಷ್ಟು ವರ್ಷದಿಂದ?”

“ಆರು.”

“ಆರು ವರ್ಷದಲ್ಲಿ ಒಂಬತ್ತು ಸಂಬಂಧ ತಂದೆ. ಒಂದಕ್ಕೂ ಹೂಂ ಅನ್ನಲಿಲ್ಲ. ಹಾಗಾದರೆ ವಿಷಯ ಇದು.”

ಆ ದನಿ ಕೇಳಿ ನನಗೆ ಹೆದರಿಕೆಯಾಯಿತು. ಅವರನ್ನು ಮೆದುಮಾಡಬೇಕು ಅನಿಸಿತು. ಆಕೆಯ ತಪ್ಪಲ್ಲ, ಚಿಕ್ಕಂದಿನಲ್ಲಿ ಅಪ್ಪ ಅಮ್ಮನಿಗೆ ಹೊಡೆಯುವುದನ್ನು ನೋಡಿ ಬೆಳೆದವಳು, ಅದರಿಂದ ಹೀಗೆ ಆಗಿರಬಹುದು ಎಂದು ಏಳನೆಯ ಕಾಲಮನ್ನು ಅವರಿಗೆ ಓದಿ ಹೇಳಿದೆ.

“ಹಾಗಾ” ಎಂದರು. ದನಿ ನಿಜವಾಗಿಯೂ ಮೆದುವಾಯಿತು. “ಕಾರಣ ಉಂಟು ಅಂದರೆ ಸರಿ ಮಾಡಬಹುದು. ನಾಳೆ ಬರ್ತೇನೆ.” ಒಟ್ಟು ಆರು ನಿಮಿಷ.

ಮರುದಿನ ಅವರು ಹೆಂಡತಿಯೊಂದಿಗೆ ಕಾರಿನಲ್ಲಿ ಬಂದು ಸೊಸೆಯನ್ನು ಕರೆದುಕೊಂಡು ಹೋದರು. ವಾರ್ಡಿನಲ್ಲಿ ಮುಕ್ಕಾಲು ಗಂಟೆ ಇದ್ದರು. ಡಾಕ್ಟರೊಂದಿಗೆ ಮಾತಾಡಿದರು, ಬಿಲ್ಲು ಕಟ್ಟಿದರು, ಸೊಸೆಯ ಚಪ್ಪಲಿಯನ್ನು ತಾವೇ ಬಗ್ಗಿ ಕಾಲಿಗೆ ತೊಡಿಸಿದರು. ಯಾರು ಹೊಡೆದದ್ದು, ಎಲ್ಲಿ ನೋವು ಎಂದು ಕೇಳಲಿಲ್ಲ. ಡ್ರೈವಿಂಗ್ ಟೀಚರು ಆ ಹೊತ್ತಿಗೆ ಕ್ಲಾಸಿಗೆ ಹೋಗಿದ್ದಳು. ಲ್ಯಾಬಿನಾಕೆ ಕಾರು ಹತ್ತುವ ಮೊದಲು ನನ್ನನ್ನು ನೋಡಿದಳು. ಆ ನೋಟವನ್ನು ಹೇಗೆ ಬರೆಯುವುದು ಎಂದು ಗೊತ್ತಾಗದೆ ಆ ದಿನದ ಪುಟದಲ್ಲಿ ‘ನೋಡಿದರು’ ಎಂದಷ್ಟೇ ಬರೆದಿದ್ದೇನೆ.

ಆಗಸ್ಟ್ 9ರಂದು ಹತ್ತನೆಯ ಕಾಲಮಿನಲ್ಲಿ ‘ತವರಿಗೆ ಸೇರಿದರು’ ಎಂದು ಬರೆದೆ. ಡೈರಿಯಲ್ಲಿ ಹದಿನಾಲ್ಕನ್ನು ಹದಿನೈದು ಮಾಡಿದೆ, ಹನ್ನೊಂದನ್ನು ಹನ್ನೆರಡು ಮಾಡಿದೆ.

ಆಗಸ್ಟ್ 16, ಶುಕ್ರವಾರ. ಡ್ರೈವಿಂಗ್ ಟೀಚರು ಒಬ್ಬಳೇ ಬಂದಳು. ನಿದ್ದೆ ಇಲ್ಲದ ಮುಖ. ಕೂರಲಿಲ್ಲ.

“ಅವಳ ಮನೆಗೆ ಹೇಳಿದ್ದು ನೀವಾ?”

“ಹೌದು.”

“ಎಲ್ಲ ಹೇಳಿದಿರಾ?”

“ಹೌದು.”

ಅವಳು ಗೋಡೆಗೆ ಒರಗಿದಳು. “ನಾನು ಹೇಳ್ತೇನೆ ಹೇಳ್ತೇನೆ ಅಂತ ಆರು ವರ್ಷ ಹೆದರಿಸಿದ್ದೇನೆ ಮೇಡಂ. ಸುಳ್ಳು ಹೇಳುವುದಿಲ್ಲ. ಆದರೆ ಹೇಳಲಿಲ್ಲ. ಆ ಒಂದು ಕೆಲಸ ನಾನು ಮಾಡಲಿಲ್ಲ.”

ನಾನು ಕುರ್ಚಿ ಎಳೆದುಕೊಟ್ಟೆ. ಅವಳು ಕುಳಿತು ಅತ್ತಳು. ಅಪ್ಪ ಬೆಲ್ಟಿನಲ್ಲಿ ಹೊಡೆಯುತ್ತಿದ್ದದ್ದು, ತನಗೆ ಸಿಟ್ಟು ಬಂದರೆ ಕಣ್ಣು ಕಾಣದೆ ಹೋಗುವುದು, ಎಲ್ಲ ಹೇಳಿದಳು. ಜುಲೈ ತಿಂಗಳ ನಾನಾಗಿದ್ದರೆ ಬರೆದುಕೊಳ್ಳುತ್ತಿದ್ದೆ. ಈಗ ಬೇರೆ ಒಂದು ಪ್ರಶ್ನೆ ಬಂತು.

“ಕಾರು ಕಲಿಯುವವರು ದಿನಕ್ಕೆ ಎಷ್ಟು ಜನ?”

“ಹತ್ತು ಹನ್ನೆರಡು.”

“ನಡು ರಸ್ತೆಯಲ್ಲಿ ಕ್ಲಚ್ಚು ಬಿಟ್ಟು ಗಾಡಿ ನಿಲ್ಲಿಸಿದಾಗ ಸಿಟ್ಟು ಬರುವುದಿಲ್ವಾ?”

“ಬರ್ತದೆ. ಯಾರಿಗೆ ಬರುವುದಿಲ್ಲ?”

“ಯಾರಿಗಾದರೂ ಹೊಡೆದದ್ದುಂಟಾ?”

“ಇಲ್ಲ.” ಮೂಗು ಒರೆಸಿಕೊಂಡಳು. “ಅವರಿಗೆ ಹೊಡೆದರೆ ನಾಳೆ ಬರುವುದಿಲ್ಲ.”

“ಇವಳಿಗೆ ಹೊಡೆದರೆ?”

“ಇವಳು ಎಲ್ಲಿಗೂ ಹೋಗುವ ಹಾಗಿಲ್ಲ ಅಂತ ಗೊತ್ತಿತ್ತು” ಎಂದಳು. ಹೇಳಿದ ಮೇಲೆ ಅವಳ ಅಳು ನಿಂತಿತು. ನನ್ನ ರಿಜಿಸ್ಟರಿನ ಏಳನೆಯ ಕಾಲಮಿನಲ್ಲಿ ಯಾರದ್ದೂ ಈ ಉತ್ತರ ಇರಲಿಲ್ಲ, ಏಕೆಂದರೆ ಹೊಡೆದವರನ್ನು ಯಾವತ್ತೂ ನಾವು ಹೀಗೆ ಕೇಳಿರಲಿಲ್ಲ. ಕಾರಣವನ್ನು ಯಾವಾಗಲೂ ಪೆಟ್ಟು ತಿಂದವರ ಬಾಯಿಂದಲೇ ಬರೆಸಿಕೊಂಡಿದ್ದೆವು.

ಅವಳು ತೋಡಾರಿಗೆ ಹೋಗಿ ಅರ್ಧ ಗಂಟೆಯಲ್ಲಿ ಆ ಫೈಲು ತಂದು ಮೇಜಿನ ಮೇಲಿಟ್ಟಳು. ನಾನು ಕೇಳಿರಲಿಲ್ಲ. ಅವಳನ್ನು ಕ್ಷಮಿಸುವುದಕ್ಕೆ ನಾನು ಯಾರೂ ಅಲ್ಲ, ಹಾಗಾಗಿ ರಸೀದಿ ಬರೆದು ಕೊಟ್ಟೆ: ಮಾರ್ಕ್ಸ್ ಕಾರ್ಡು ಏಳು, ಆಧಾರು ಒಂದು, ಕಾಲೇಜಿನ ನೇಮಕದ ಪತ್ರ ಒಂದು.

ಅವಳು ಹೋದ ಮೇಲೆ ಜುಲೈ 5ರ ಪುಟ ತೆಗೆದೆ. ಐದನೆಯ ಕಾಲಂ, ನಾಲ್ಕನೆಯ ಸಾಲು, ನನ್ನದೇ ದುಂಡಗಿನ ಅಕ್ಷರ: ‘ಬೆದರಿಕೆ: ಮನೆಯವರಿಗೆ ತಿಳಿಸುವುದಾಗಿ.’ ಮುಂದೆ ಒಂದು ಟಿಕ್ ಹಾಕಿದ್ದೆ. ಆಕೆ ಎಲ್ಲಕ್ಕಿಂತ ಹೆಚ್ಚು ಹೆದರಿದ್ದು ಯಾವುದಕ್ಕೋ ಅದನ್ನು ಬರೆದುಕೊಂಡು, ಟಿಕ್ ಹಾಕಿ, ಮೂವತ್ತೆರಡು ದಿನಗಳ ಮೇಲೆ ನಾನೇ ಮಾಡಿ ಮುಗಿಸಿದ್ದೆ.

ಸೋಮವಾರ ಅಕ್ಕನಿಗೆ ಹೇಳಿದೆ. ಕಚೇರಿಯ ಕಾಗದದಲ್ಲಿ ಪ್ರಕರಣ ಮುಗಿದಿತ್ತು. ಮುಗಿದದ್ದನ್ನು ತೆರೆಯಬೇಕು, ಮಾವನ ಎದುರು ನಿಂತು ನಾನು ಹೇಳಿದ್ದು ತಪ್ಪು ಎನ್ನಬೇಕು, ನೀವು ಬರದಿದ್ದರೂ ನಾನು ಹೋಗುತ್ತೇನೆ ಎಂದೆ. ಅವರು ಪುಟವನ್ನು ಎರಡು ಸಲ ಓದಿದರು.

“ಒಟ್ಟಿಗೆ ಕೂರಿಸುವ ಅಂತ ಹೇಳಿದ್ದು ನಾನು” ಎಂದರು. ರಿಜಿಸ್ಟರು ಮುಚ್ಚಿ, “ನಾಳೆ ಬೆಳಿಗ್ಗೆ ಎಂಟರ ಬಸ್ಸಿಗೆ ಹೋಗುವ.”

ಹೋಗುವ ಮೊದಲು ಕಾಲೇಜಿನ ವಿಭಾಗದ ಮುಖ್ಯಸ್ಥೆಗೆ ಫೋನು ಮಾಡಿ, ಅಪಘಾತದ ರಜೆ ಎಂದಷ್ಟೇ ಹೇಳಿ, ಕೆಲಸ ಉಳಿಸಿಕೊಡಿ ಎಂದು ಕೇಳಿದೆ. ಹೆಚ್ಚು ವಿಚಾರಿಸದೆ ಅವರು ಸೆಪ್ಟೆಂಬರ್ 2ರ ಸೋಮವಾರದವರೆಗೆ ಗಡುವು ಕೊಟ್ಟರು. ಅದರ ನಂತರ ಬೇರೆಯವರನ್ನು ತೆಗೆದುಕೊಳ್ಳಬೇಕಾಗುತ್ತದೆ ಎಂದರು.

ಆಗಸ್ಟ್ 20, ಮಂಗಳವಾರ. ಮನೆ ಹೋಟೆಲಿನ ಹಿಂದೆ. ಮಾವ ಕ್ಯಾಶಿನಿಂದ ಎದ್ದು ಬಂದು ಬೆಲ್ಲ ನೀರು ಕೊಡಿಸಿದರು. ಕೆಟ್ಟ ಮನುಷ್ಯ ಎಂದು ಬರೆದುಬಿಟ್ಟರೆ ನನಗೆ ಸುಲಭವಾಗುತ್ತಿತ್ತು. ಅವರು ಕೆಟ್ಟವರಾಗಿರಲಿಲ್ಲ.

“ಈಗ ಅಡ್ಡಿಲ್ಲ. ಇಂಥದ್ದನ್ನೆಲ್ಲ ನೋಡಿ ಗುಣ ಮಾಡುವವರು ಒಬ್ಬರಿದ್ದಾರೆ, ಎರಡು ಸಲ ಕರಕೊಂಡು ಹೋದೆವು. ಇನ್ನೂ ಮೂರು ಸಲ ಉಂಟು. ಆಮೇಲೆ ಒಂದು ಸಂಬಂಧ ಉಂಟು, ಹೆಂಡತಿ ತೀರಿದವರು. ವಿಷಯ ಹೇಳಲಿಕ್ಕೆ ಹೋಗುವುದಿಲ್ಲ” ಎಂದರು. “ಕಾರಣ ಗೊತ್ತಾದದ್ದು ಒಳ್ಳೆಯದಾಯಿತು.”

“ನಾನು ಫೋನಿನಲ್ಲಿ ಹೇಳಿದ್ದು ತಪ್ಪು” ಎಂದೆ. “ಅಪ್ಪನ ಪೆಟ್ಟಿನಿಂದ ಯಾರೂ ಹಾಗೆ ಆಗುವುದಿಲ್ಲ. ಅದು ಕಾಯಿಲೆ ಅಲ್ಲ. ಆಕೆ ಇರುವುದೇ ಹಾಗೆ. ಕಷ್ಟ ಆದದ್ದು ಅದರಿಂದ ಅಲ್ಲ, ಪೆಟ್ಟಿನಿಂದ.”

ಮಾವ ನಕ್ಕರು. “ಆ ದಿನ ಒಂದು ಹೇಳ್ತೀರಿ, ಈ ದಿನ ಒಂದು. ಕಾರಣ ಇಲ್ಲದೆ ಯಾರಾದರೂ ಹಾಗೆ ಆಗ್ತಾರಾ ಮೇಡಂ? ನೀವು ಕಲಿತವರು, ನೀವೇ ಹೇಳಿ.”

ಅಕ್ಕ ಬಾಯಿ ತೆರೆಯುವಷ್ಟರಲ್ಲಿ ಒಳಗಿನ ಹೊಸ್ತಿಲಲ್ಲಿ ಕುಳಿತಿದ್ದ ಆಕೆಯ ಅಮ್ಮ ಮಾತಾಡಿದರು. ಬೀನ್ಸ್ ಮುರಿಯುತ್ತಿದ್ದವರು ತಲೆ ಎತ್ತಲಿಲ್ಲ.

“ನನಗೆ ಮೂವರು ಮಕ್ಕಳು. ಅವರ ಅಪ್ಪ ಹೊಡೆಯುವಾಗ ಮೂವರೂ ಅಲ್ಲೇ ಇದ್ದರು. ಮೂವರೂ ನೋಡಿದ್ದು ಒಂದೇ. ಉಳಿದ ಇಬ್ಬರಿಗೆ ಏನೂ ಆಗಲಿಲ್ಲವಲ್ಲ.”

“ನೀನು ಸುಮ್ಮನಿರು ಅಕ್ಕ” ಎಂದು ಮಾವ ಆ ಅಮ್ಮನಿಗೆ ಹೇಳಿದರು.

ಅಮ್ಮ ಮುಂದಿನ ಬೀನ್ಸ್ ಕೈಗೆತ್ತಿಕೊಂಡರು. ಎರಡು ವರ್ಷ ನಾನು ಹಾಕಿದ ಗೀಟುಗಳೆಲ್ಲ ಆ ಒಂದು ಎಣಿಕೆಯ ಮುಂದೆ ನಿಲ್ಲುವ ಹಾಗಿರಲಿಲ್ಲ.

ಹಿತ್ತಿಲಲ್ಲಿ ಆಕೆಯ ಜೊತೆ ಮಾತಾಡಲು ಏಳು ನಿಮಿಷ ಸಿಕ್ಕಿತು. ಅತ್ತೆ ಬಾಗಿಲಲ್ಲಿ ನಿಂತೇ ಇದ್ದರು. ಆಕೆ ಒಗೆದ ಬಟ್ಟೆಯನ್ನು ಒಂದು ಕೈಯಲ್ಲಿ ಹರವುತ್ತಿದ್ದಳು, ಇನ್ನೊಂದನ್ನು ಪಕ್ಕೆಗೆ ಒತ್ತಿಕೊಂಡಿದ್ದಳು.

“ನಾನು ಕೇಳಿದ್ದೆ, ಫೋನ್ ಮಾಡುವುದಿಲ್ಲ ಅಲ್ವಾ ಅಂತ.”

“ಕೇಳಿದ್ದಿರಿ. ನಾನು ತಪ್ಪು ಮಾಡಿದೆ. ನೀವು ಕೇಳಿದ್ದ ಇನ್ನೊಂದಕ್ಕೂ ತಪ್ಪು ಉತ್ತರ ಕೊಟ್ಟೆ. ನಿಮ್ಮಪ್ಪನಿಂದ ನೀವು ಹೀಗಾದದ್ದಲ್ಲ.”

ಅವಳು ಒಂದು ಟವೆಲನ್ನು ಹರವಿ, ಅಂಚು ಸರಿಮಾಡಿದಳು. “ಗೊತ್ತುಂಟು. ಆ ದಿನ ನಿಮ್ಮ ಬಾಯಲ್ಲಿ ಕೇಳಬೇಕು ಅಂತ ಇತ್ತು.”

ಫೈಲು ಕೊಟ್ಟೆ. ಸೆಪ್ಟೆಂಬರ್ 2ರ ವಿಷಯ ಹೇಳಿದೆ. ನಿಮಗೆ ಮೂವತ್ತೊಂದು ವರ್ಷ, ಹೊರಡಬೇಕು ಅನಿಸಿದರೆ ಯಾರೂ ತಡೆಯುವ ಹಾಗಿಲ್ಲ, ನಾವು ಜೊತೆಗೆ ಬರುತ್ತೇವೆ ಎಂದೆ. ಆಕೆ ಫೈಲನ್ನು ಕಂಕುಳಲ್ಲಿ ಇಟ್ಟುಕೊಂಡು ಇನ್ನೊಂದು ಬಟ್ಟೆ ಹರವಿದಳು. ನಾವು ಹೊರಡುವಾಗ ಹತ್ತಿರ ಬಂದು, “ಅವಳು ಊಟ ಮಾಡ್ತಾಳಾ?” ಎಂದು ಕೇಳಿದಳು.

ಆ ಪ್ರಶ್ನೆಗೆ ಯಾವ ಕಾಲಂ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಸೆಪ್ಟೆಂಬರ್ 2, ಸೋಮವಾರ. ಬಿ.ಸಿ. ರೋಡಿನ ಕಚೇರಿಯಿಂದ ಒಂಬತ್ತೂವರೆಗೆ ಕಾಲೇಜಿಗೆ ಫೋನು ಮಾಡಿದೆ. ಬಂದಿಲ್ಲ. ಹನ್ನೊಂದಕ್ಕೆ, ಎರಡಕ್ಕೆ, ನಾಲ್ಕಕ್ಕೆ. ಬರಲಿಲ್ಲ. ಮಾವನ ಫೋನು ಎತ್ತುವವರಿರಲಿಲ್ಲ. ಶುಕ್ರವಾರದ ಹೊತ್ತಿಗೆ ಲ್ಯಾಬಿಗೆ ಬೇರೆ ಹುಡುಗಿಯನ್ನು ತೆಗೆದುಕೊಂಡರು.

ಆ ವಾರ ಹಳೆಯ ರಿಜಿಸ್ಟರು ತುಂಬಿತು. ಹೊಸದಕ್ಕೆ ಸ್ಕೇಲು ಹಿಡಿದು ಗೆರೆ ಎಳೆಯುವಾಗ ಏಳನೆಯ ಕಾಲಮನ್ನು ಬಿಟ್ಟೆ. ಅಕ್ಕ ನೋಡಿದರು, ಸ್ಕೇಲಿನ ಇನ್ನೊಂದು ತುದಿ ಹಿಡಿದುಕೊಂಡರು. ಒಂಬತ್ತನೆಯದರ ಪಕ್ಕದಲ್ಲಿ ಹೊಸದೊಂದನ್ನು ಎಳೆದು ‘ಯಾರಿಗೆ ತಿಳಿಸಬಾರದು’ ಎಂದು ಬರೆದೆ. ಮೊದಲ ವಾರ ಬಂದವರು ಐದು ಜನ. ಐವರಲ್ಲಿ ನಾಲ್ವರಿಗೆ ಅಲ್ಲಿ ಹೇಳಲು ಒಂದು ಹೆಸರಿತ್ತು. ಎರಡು ವರ್ಷ ನಾನು ಅದನ್ನು ಕೇಳಿರಲೇ ಇಲ್ಲ.

ಸೆಪ್ಟೆಂಬರ್ 10, ಮಂಗಳವಾರ. ಬೆಳ್ತಂಗಡಿಯ ಕೋಣೆಗೆ ಆಕೆಯ ಅಮ್ಮ ಬಂದರು. ತರಕಾರಿ ಚೀಲ ಕೈಯಲ್ಲಿತ್ತು. ಸಂತೆಯ ನೆಪ ಹೇಳಿ ಬಂದದ್ದು. ಕೊಟ್ಟ ನೀರನ್ನು ಪೂರ್ತಿ ಕುಡಿದು ಲೋಟ ಕೆಳಗಿಟ್ಟರು.

“ಅವಳು ಮನೆಯಲ್ಲಿಲ್ಲ. ಒಂದನೇ ತಾರೀಕು, ಆದಿತ್ಯವಾರ ಹೋದಳು. ಆದಿತ್ಯವಾರ ಬೆಳಿಗ್ಗೆ ಹೋಟೆಲಿನಲ್ಲಿ ರಶ್ ಅಲ್ವಾ, ತಮ್ಮ, ಅವನ ಹೆಂಡತಿ ಇಬ್ಬರೂ ಅಲ್ಲೇ. ಫೈಲು ನಾನು ಅಕ್ಕಿ ಡಬ್ಬಿಯಲ್ಲಿ ಇಟ್ಟಿದ್ದೆ. ಅದನ್ನು, ಎರಡು ಸೀರೆಯನ್ನು ಚೀಲಕ್ಕೆ ಹಾಕಿ ಕೊಟ್ಟೆ. ಕಾಲೇಜಿಗೆ ಹೋಗು ಅಂದೆ. ಅಲ್ಲಿಗೆ ಬೇಡ ಅಮ್ಮ, ಎರಡು ಕಡೆಯವರೂ ಮೊದ್ಲು ಹುಡುಕುವುದು ಅಲ್ಲೇ ಅಂದಳು.”

“ಇಲ್ಲಿಗೆ ಬರಬಹುದಿತ್ತಲ್ಲ ಅಮ್ಮ. ನಾವಿದ್ದೆವು.”

ಅವರು ನನ್ನನ್ನು ನೋಡಿದರು. ಬೈಯುವ ನೋಟವಲ್ಲ. “ಹೇಳಿದೆ. ಅವರಿಗೂ ಗೊತ್ತಾಗುವುದು ಬೇಡ ಅಂದಳು.”

ಹೊರಗೆ ಬಸ್ಸುಗಳು ಹಾರ್ನು ಹಾಕುತ್ತಿದ್ದವು. ನಾನು ರಿಜಿಸ್ಟರನ್ನು ತೆರೆಯಲಿಲ್ಲ. ಸುಮ್ಮನಿರಲು ಆಗದೆ ಒಂದು ಮಾತು ಮಾತ್ರ ಕೇಳಿದೆ. “ಯಾವ ಕಡೆಯ ಬಸ್ಸು ಹತ್ತಿದರು?”

“ನಾನೇ ಸ್ಟ್ಯಾಂಡಿನವರೆಗೆ ಹೋದದ್ದು. ಬಸ್ಸು ಬರುವಾಗ ಆಚೆ ತಿರುಗಿ ನಿಂತೆ” ಎಂದರು ಅಮ್ಮ. ಚೀಲದ ಹಿಡಿಯನ್ನು ಕೈಗೆ ಸುತ್ತಿಕೊಂಡು ಎದ್ದರು. “ನೋಡಿದರೆ ನೀವು ಕೇಳಿದಾಗ ಹೇಳಬೇಕಾಗ್ತದೆ ಮಗಾ. ತಮ್ಮ ಕೇಳಿದರೂ ಹೇಳಬೇಕಾಗ್ತದೆ. ಹಾಗಾಗಿ ನೋಡಲಿಲ್ಲ.”